ಬೈಕಿನ ಹೊಟ್ಟೆಗೆ ಬ್ಯಾಶ್ ಪ್ಲೇಟ್: ತಗಡಿಗಿಂತ ಮೊದಲು ಸಂದು ನೋಡಿ

ಒಂದು ಭಾನುವಾರ ಬೆಳಿಗ್ಗೆ ಬೈಕ್ ಹೊರಗೆ ತೆಗೆದು ಬಾಗಿಲ ಮುಂದೆ ನಿಲ್ಲಿಸಿದೆ. ಹೆಲ್ಮೆಟ್ ತರೋಕೆ ಒಳಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಆಗಷ್ಟೇ ಹಾಕಿದ್ದ ರಂಗೋಲಿಯ ಎಳೆ ಮೇಲೆ ಮೂರು ಕಪ್ಪು ಹನಿ ಬಿದ್ದಿತ್ತು. ಮುಟ್ಟಿ ನೋಡಿದೆ, ಎಂಜಿನ್ ಆಯಿಲ್.

ಹಿಂದಿನ ದಿನ ಮೊಣಕಾಲೆತ್ತರದ ಒಂದು ಬಂಡೆಯಿಂದ ಇಳಿಯುವಾಗ ಬೈಕಿನ ಹೊಟ್ಟೆ ಕಲ್ಲಿನ ಅಂಚಿಗೆ ಬಡಿದಿತ್ತು. ದೊಡ್ಡ ಪೆಟ್ಟೇನಲ್ಲ. ಕೆಳಗೆ ಬ್ಯಾಶ್ ಪ್ಲೇಟ್, ಅಂದರೆ ಎಂಜಿನ್ನಿನ ತಳ ಕಾಯೋಕೆ ಹಾಕುವ 3 ಮಿಮೀ ಕಬ್ಬಿಣದ ಪ್ಲೇಟ್ ಇತ್ತು. ಬಗ್ಗಿ ನೋಡಿದ್ದೆ, ಹೆಬ್ಬೆರಳಿನಷ್ಟು ತಗ್ಗು ಬಿಟ್ಟರೆ ಏನೂ ಆಗಿರಲಿಲ್ಲ. ಭಾನುವಾರ ಪ್ಲೇಟ್ ಬಿಚ್ಚಿದಾಗ ಗೊತ್ತಾಯಿತು: ತಗ್ಗಾದ ಜಾಗಕ್ಕೆ ಸರಿಯಾಗಿ ಮೇಲೆ, ಎಂಜಿನ್ನಿನ ತಳದ ಕವಚವಾದ ಕ್ರ್ಯಾಂಕ್‌ಕೇಸಿನಲ್ಲಿ ಕೂದಲೆಳೆಯಂಥ ಬಿರುಕು. ಆ ಪ್ಲೇಟನ್ನು ಅಂಗಡಿಯಲ್ಲಿ ರೆಡಿಯಾಗಿ ಕೊಂಡಿದ್ದೆ. ಎಂಜಿನ್ನಿಗೂ ಅದಕ್ಕೂ ನಡುವೆ ಬರೀ ಒಂದು ವಾಷರ್ ದಪ್ಪದ ಜಾಗ. ಕಿರುಬೆರಳು ಕೂಡ ತೂರುತ್ತಿರಲಿಲ್ಲ. ಪ್ಲೇಟ್ ಗಟ್ಟಿಯಾಗೇ ಇತ್ತು. ಕಲ್ಲಿನ ಪೆಟ್ಟನ್ನು ಹಾಗೇ ಎಂಜಿನ್ನಿಗೆ ದಾಟಿಸಿತ್ತು ಅಷ್ಟೇ.

ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನಲ್ಲಿ ಅಪ್ಪನ ಚಿಕ್ಕ ಶೀಟ್ ಮೆಟಲ್ ಶಾಪ್ ಇದೆ. ಕಂಟ್ರೋಲ್ ಪ್ಯಾನೆಲ್ ಬಾಕ್ಸ್ ಮಾಡುತ್ತೇವೆ. ತಗಡು ಕತ್ತರಿಸೋದು, ಬಗ್ಗಿಸೋದು ನನ್ನ ದಿನದ ಕೆಲಸ. ಬಿರುಕಿಗೆ ಆರ್ಗಾನ್ ವೆಲ್ಡಿಂಗ್ ಮಾಡುತ್ತಾ ನಮ್ಮ ಹಿರಿಯ ವೆಲ್ಡರ್ ಕೇಳಿದರು: "ಏನಮ್ಮ, ಪ್ಯಾನೆಲ್ ಒಳಗೆ ಕರೆಂಟ್ ಹರಿಯೋ ಬಸ್‌ಬಾರ್ ಪಟ್ಟಿಗೂ ಬಾಗಿಲಿಗೂ ಇಷ್ಟು ಜಾಗ ಬಿಡಿ ಅಂತ ನಮಗೆ ಹೇಳ್ತೀಯ. ನಿನ್ನ ಬೈಕಿಗೆ ಯಾಕೆ ಬಿಡಲಿಲ್ಲ?" ಅವತ್ತಿನಿಂದ ಯಾರಾದರೂ ಬ್ಯಾಶ್ ಪ್ಲೇಟ್ ಬಗ್ಗೆ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ನೀವು ಕೊಳ್ಳುತ್ತಿರೋದು ಪ್ಲೇಟನ್ನಲ್ಲ, ಪ್ಲೇಟಿಗೂ ಎಂಜಿನ್ನಿಗೂ ನಡುವಿನ ಸಂದನ್ನು. ತಗಡು ಬಗ್ಗಬೇಕು, ಬಗ್ಗೋಕೆ ಜಾಗ ಬೇಕು.

ನಾನು ಆಡೋದು ಟ್ರಯಲ್ಸ್, ಅಂದರೆ ಕಾಲು ನೆಲಕ್ಕೆ ಊರದೆ ಬಂಡೆಗಳ ಮೇಲೆ ಬೈಕ್ ದಾಟಿಸುವ ಆಟ. ಅದರಲ್ಲಿ ಈ ಪ್ಲೇಟಿನ ಕೆಲಸವೇ ಬೇರೆ. ಮಣ್ಣಿನ ರಸ್ತೆಯಲ್ಲಿ ಜೋರಾಗಿ ಓಡಿಸುವವರಿಗೆ ಮುಂದಿನ ಚಕ್ರ ಎಸೆಯುವ ಕಲ್ಲಿನದೇ ಚಿಂತೆ. ಟ್ರಯಲ್ಸ್‌ನಲ್ಲಿ ಸ್ಪೀಡಿಗೆ ಬೆಲೆ ಇಲ್ಲ. ಕಾಲು ನೆಲಕ್ಕೆ ಒಮ್ಮೆ ತಾಗಿದರೆ 1 ಅಂಕ ದಂಡ, ಎರಡು ಸಲಕ್ಕೆ 2, ಅದಕ್ಕಿಂತ ಜಾಸ್ತಿಯಾದರೆ 3. ಸೆಕ್ಷನ್, ಅಂದರೆ ಗುರುತು ಹಾಕಿದ ಒಂದು ತುಂಡು ದಾರಿ, ದಾಟಲಾಗದಿದ್ದರೆ 5. ಹಾಗಾಗಿ ಬಂಡೆಯ ಅಂಚಿನ ಮೇಲೆ ಹೊಟ್ಟೆ ಊರಿ ಜಾರಿಸಿಕೊಂಡು ಹೋಗೋದು ಇಲ್ಲಿ ದಿನಾ ನಡೆಯೋದೇ. ಬೈಕು ಮತ್ತು ಸವಾರರ ಇಡೀ ಭಾರ ಒಂದು ಕ್ಷಣ ಆ ತಗಡಿನ ಅಂಗೈಯಗಲದ ಜಾಗದ ಮೇಲೆ ಕೂರುತ್ತೆ. ಎಸೆದ ಕಲ್ಲಿಗೆ ಸಾಕಾಗೋ ಗಾರ್ಡ್ ಇದಕ್ಕೆ ಸಾಲದು.

ಮೊದಲು ನಿಮ್ಮ ಬೈಕ್ ಯಾವ ಜಾತಿ ನೋಡಿ. ಮೊಂಟೆಸಾ, ಗ್ಯಾಸ್ ಗ್ಯಾಸ್, ಬೀಟಾ, ಶೆರ್ಕೊ ಥರದ ಅಸಲಿ ಟ್ರಯಲ್ಸ್ ಬೈಕುಗಳ ತೂಕ 70 ಕೆಜಿ ಆಸುಪಾಸು. ಅವುಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಕೆಳಗೆ ಫ್ರೇಮಿನ ಪೈಪೇ ಇರೋದಿಲ್ಲ. ದಪ್ಪ ಅಲ್ಯೂಮಿನಿಯಂ ಪ್ಲೇಟೇ ಫ್ರೇಮಿನ ಮುಂದಿನ ತುದಿಯನ್ನೂ ಹಿಂದಿನ ತುದಿಯನ್ನೂ ಸೇರಿಸುತ್ತೆ. ಎಂಜಿನ್ನಿಗೂ ಅದಕ್ಕೂ ನಡುವೆ ರಬ್ಬರ್ ಅಥವಾ ಫೋಮ್ ಪ್ಯಾಡ್ ಇರುತ್ತೆ. ಅಂಥ ಬೈಕ್ ನಿಮ್ಮ ಹತ್ತಿರ ಇದ್ದರೆ ಹೊಸದಾಗಿ ಡಿಸೈನ್ ಮಾಡೋಕೆ ಹೋಗಬೇಡಿ. ಅದೇ ಮಾಡೆಲಿನ ಪ್ಲೇಟನ್ನೇ ತರಿಸಿ. ಪ್ಲೇಟ್ ಬಿಚ್ಚಿಟ್ಟು ಓಡಿಸಲೂಬೇಡಿ, ಅದು ಫ್ರೇಮಿನದೇ ಭಾಗ. ನೀವು ನೋಡಿಕೊಳ್ಳಬೇಕಾದ್ದು ಎರಡೇ. ಪ್ಲೇಟಿನ ಉದ್ದಕ್ಕೆ ಸ್ಟೀಲ್ ಸ್ಕೇಲ್ ಹಿಡಿದು ಮೇಲಕ್ಕೆ ಬಾಗಿದೆಯಾ ನೋಡಿ. ಪ್ಯಾಡ್ ಗಟ್ಟಿಯಾಗಿದ್ದರೆ ಅಥವಾ ಚಪ್ಪಟೆಯಾಗಿದ್ದರೆ ಬದಲಾಯಿಸಿ.

ಆದರೆ ಬೆಂಗಳೂರಿನಲ್ಲಿ ನಮ್ಮಂಥವರ ಹತ್ತಿರ ಇರೋದು ಜಾಸ್ತಿ ಎಕ್ಸ್‌ಪಲ್ಸ್, ಹಿಮಾಲಯನ್, ಇಲ್ಲ ಹಳೇ ಆರ್‌ಎಕ್ಸ್ 100 ಎತ್ತರಿಸಿ ಮಾಡಿಕೊಂಡ ಬೈಕು. ನನ್ನದು ಎಕ್ಸ್‌ಪಲ್ಸ್ 200, ತೂಕ 150 ಕೆಜಿ ಮೇಲೆ. ನೆಲಕ್ಕೂ ಹೊಟ್ಟೆಗೂ 220 ಮಿಮೀ ಅಂತರ. ಟ್ರಯಲ್ಸ್ ಬೈಕಿಗೆ 300 ಮಿಮೀ ಮೇಲಿರುತ್ತೆ. ಅಂದರೆ ನಮ್ಮದು ಭಾರವೂ ಹೆಚ್ಚು, ನೆಲಕ್ಕೂ ಹತ್ತಿರ. ಕಲ್ಲಿಗೆ ಬಡಿಯೋದು ಅವರಿಗಿಂತ ನಮಗೇ ಜಾಸ್ತಿ. ಇನ್ನು ಮುಂದೆ ಹೇಳೋದೆಲ್ಲ ಇಂಥ ಬೈಕುಗಳಿಗೆ.

ಪ್ಲೇಟ್ ಎಲ್ಲಿಗೆ ಬೋಲ್ಟ್ ಆಗುತ್ತೆ ಅಂತ ಅಂಗಡಿಯಲ್ಲೇ ತಿರುಗಿಸಿ ನೋಡಿ. ಫ್ರೇಮಿನ ಪೈಪಿಗೋ ಬ್ರ್ಯಾಕೆಟ್ಟಿಗೋ ಕೂರುವುದಾದರೆ ಸರಿ. ಎಂಜಿನ್ ಕೇಸಿನ ತೂತಿಗೇ ನೇರ ಬಿಗಿಯುವಂಥದ್ದು ಬೇಡ. ಹೊಡೆತ ಬಿದ್ದಾಗ ಬೋಲ್ಟ್ ಜೊತೆ ಕೇಸಿನ ಕಿವಿಯೂ ಮುರಿದು ಬರುತ್ತೆ. ಹಾಗಂತ ಫ್ರೇಮಿಗೆ ಹೊಸ ತೂತು ಮಾತ್ರ ಹಾಕಿಸಬೇಡಿ. ಯು ಕ್ಲಾಂಪ್ ಹಾಕಿದರೆ ಅದರ ನಟ್ ಕೆಳಗೆ ನೇತಾಡದ ಹಾಗೆ ಮೇಲ್ಮುಖವಾಗಿ ತಿರುಗಿಸಿ.

ಸಂದು ಎಷ್ಟಿರಬೇಕು? ಕನಿಷ್ಠ 10 ಮಿಮೀ, ಸಾಧ್ಯವಾದರೆ 15. ಅದಕ್ಕಿಂತ ಜಾಸ್ತಿ ಬಿಟ್ಟರೆ ನೆಲದ ಅಂತರ ತಿಂದುಹಾಕುತ್ತೆ. ಇದನ್ನ ಕಣ್ಣಂದಾಜಿನಲ್ಲಿ ಅಳೆಯಬೇಡಿ. ನಾನು ಚಪಾತಿ ಹಿಟ್ಟಿನಲ್ಲಿ ಅಳೆಯುತ್ತೇನೆ. ಸ್ವಲ್ಪ ಗಟ್ಟಿಯಾಗಿ ಕಲಸಿದ ಹಿಟ್ಟಿನ ಮೂರು ಉಂಡೆ, ನಿಂಬೆಹಣ್ಣಿನ ಗಾತ್ರ, ಒಂದೊಂದನ್ನೂ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಪ್ಲೇಟ್ ಮೇಲೆ ಮುಂದೆ ಒಂದು, ಆಯಿಲ್ ಡ್ರೈನ್ ನಟ್ ಕೆಳಗೆ ಒಂದು, ಹಿಂದೆ ಒಂದು ಇಟ್ಟು ಪ್ಲೇಟ್ ಬಿಗಿಯಿರಿ. ಆಮೇಲೆ ಒಂದು ಮೋಟು ದಿಮ್ಮಿಯ ಮೇಲೆ ಬೈಕಿನ ಹೊಟ್ಟೆ ಊರಿ, ನೀವೂ ಫುಟ್‌ಪೆಗ್ ಮೇಲೆ ನಿಂತು ಎರಡು ಮೂರು ಸಲ ಭಾರ ಬಿಡಿ. ಇಬ್ಬರು ಸ್ನೇಹಿತರು ಹ್ಯಾಂಡಲ್ ಹಿಡಿದಿರಲಿ. ಪ್ಲೇಟ್ ಬಿಚ್ಚಿ ಉಂಡೆಗಳ ದಪ್ಪ ಅಳೆಯಿರಿ. ನನ್ನ ಮೊದಲ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಮುಂದಿನ ಉಂಡೆ 12 ಮಿಮೀ ಉಳಿದಿತ್ತು. ನಡುವಿನದು 4ಕ್ಕೆ ಇಳಿದಿತ್ತು, ಡ್ರೈನ್ ನಟ್ಟಿನ ಷಟ್ಕೋನದ ಅಚ್ಚು ಅದರ ಮೇಲೆ ಸ್ಪಷ್ಟವಾಗಿ ಒತ್ತಿತ್ತು. ಬರೀ ನಮ್ಮ ಭಾರಕ್ಕೇ ಇಷ್ಟು ಬಗ್ಗಿದರೆ ಮೇಲಿಂದ ಬಿದ್ದಾಗ ಎಷ್ಟು ಬಗ್ಗಬೇಡ! ಆ ಅಚ್ಚು ನೋಡಿದ ಮೇಲೆ ಸಂದು ಬಿಡಿಸೋಕೆ ಬೋಲ್ಟಿಗೆ ಹಾಕುವ ಸ್ಪೇಸರ್ ಬದಲಾಯಿಸಿದೆ, ತಗಡನ್ನೂ ಬದಲಾಯಿಸಿದೆ.

ಈಗ ತಗಡಿನ ವಿಷಯ. 400 ಮಿಮೀ ಉದ್ದ, 250 ಮಿಮೀ ಅಗಲದ ಒಂದು ಪ್ಲೇಟ್ ಅಂದುಕೊಳ್ಳಿ. 3 ಮಿಮೀ ಕಬ್ಬಿಣದಲ್ಲಿ ಮಾಡಿದರೆ ಸುಮಾರು 2.4 ಕೆಜಿ ಬರುತ್ತೆ. 4 ಮಿಮೀ ಅಲ್ಯೂಮಿನಿಯಂ ಆದರೆ ಸುಮಾರು 1.1 ಕೆಜಿ. 8 ಮಿಮೀ ಎಚ್‌ಡಿಪಿಇ ಪ್ಲಾಸ್ಟಿಕ್ ಆದರೆ ಮುಕ್ಕಾಲು ಕೆಜಿ. ಕಬ್ಬಿಣ ಅಗ್ಗ, ಯಾವ ಗಲ್ಲಿಯಲ್ಲಾದರೂ ವೆಲ್ಡ್ ಮಾಡಿಕೊಡುತ್ತಾರೆ. ಆದರೆ ತೂಕ ನೋಡಿ. ಬ್ಯಾಲೆನ್ಸ್ ಮೇಲೆ ನಿಂತ ಆಟಕ್ಕೆ ಅಷ್ಟು ಭಾರ ಸುಮ್ನೆ ಯಾಕೆ ಹೊರಬೇಕು? ನಾನಂತೂ ಇನ್ನು ಹಾಕೋದಿಲ್ಲ.

ಅಲ್ಯೂಮಿನಿಯಂ ಅಂದರೆ ಎಲ್ಲಾ ಒಂದೇ ಅಲ್ಲ. ಎಸ್‌ಪಿ ರೋಡ್ ಕಡೆ ಹೋಗಿ ಬರೀ "ಅಲ್ಯೂಮಿನಿಯಂ ಶೀಟ್ ಕೊಡಿ" ಅಂದರೆ ಪಾತ್ರೆಗೆ ಬಳಸುವಂಥ ಮೆತ್ತನೆಯದು ಕೈಗೆ ಬರಬಹುದು. ಗ್ರೇಡ್ ಕೇಳಿ. 5052 ಕೇಳಿ, ಇಲ್ಲ 6061 ಟಿ6 ಕೇಳಿ. 6061 ಹೆಚ್ಚು ಗಟ್ಟಿ. ಆದರೆ ಇಕ್ಕಟ್ಟಾಗಿ ಬಗ್ಗಿಸಿದರೆ ಮಡಿಕೆಯ ಹೊರಮೈಯಲ್ಲಿ ಸೀಳುತ್ತೆ. 4 ಮಿಮೀ ತಗಡಿಗೆ ಮಡಿಕೆಯ ಒಳಗಿನ ತ್ರಿಜ್ಯ ಕನಿಷ್ಠ 12 ಮಿಮೀ ಇರಬೇಕು. ಅದನ್ನ ವೆಲ್ಡ್ ಮಾಡಿದರೆ ವೆಲ್ಡಿನ ಅಕ್ಕಪಕ್ಕ ಗಟ್ಟಿತನ ಬಹಳಷ್ಟು ಹೋಗುತ್ತೆ. 5052 ಚೆನ್ನಾಗಿ ಬಗ್ಗುತ್ತೆ, ಪೆಟ್ಟು ಬಿದ್ದರೆ ಸೀಳೋ ಬದಲು ತಗ್ಗಾಗುತ್ತೆ. ನನ್ನ ಆಯ್ಕೆ 5052. ಬಗ್ಗಿಸುವಾಗ ಶೀಟ್ ಮೇಲಿನ ರೋಲಿಂಗ್ ಗೆರೆಗೆ ಅಡ್ಡಲಾಗಿ ಮಡಿಕೆ ಬರಲಿ ಅಂತ ಆಪರೇಟರ್‌ಗೆ ಹೇಳಿ. ಗೆರೆಯ ಉದ್ದಕ್ಕೆ ಮಡಿಸಿದರೆ ಬೇಗ ಬಿರುಕು ಬಿಡುತ್ತೆ. ಬಸ್ಸಿನ ಮೆಟ್ಟಿಲಿಗೆ ಹಾಕುವ ಉಬ್ಬು ಉಬ್ಬಿನ ಚೆಕರ್ಡ್ ಪ್ಲೇಟ್ ನೋಡೋಕೆ ಚೆಂದ. ಆದರೆ ಆ ಉಬ್ಬುಗಳೇ ಕಲ್ಲಿಗೆ ಕಚ್ಚಿಕೊಳ್ಳುತ್ತವೆ. ಹೊಟ್ಟೆಯ ಕೆಳಗೆ ನುಣುಪು ಬೇಕು.

ದಪ್ಪದ ಲೆಕ್ಕ ಹೀಗಿದೆ. ತಗಡು ಬಗ್ಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. 3 ಮಿಮೀ ಬದಲು 4 ಮಿಮೀ ಹಾಕಿದರೆ ತೂಕ ಏರೋದು ಮೂರನೇ ಒಂದು ಭಾಗ, ಬಿಗಿತ ಏರೋದು ಎರಡು ಪಟ್ಟಿಗಿಂತ ಜಾಸ್ತಿ. ಇದಕ್ಕಿಂತಲೂ ಲಾಭ ಕೊಡೋದು ಪಕ್ಕದ ಮಡಿಕೆ. ಎರಡೂ ಬದಿ 40 ಮಿಮೀ ಮೇಲಕ್ಕೆ ಬಗ್ಗಿಸಿದ 4 ಮಿಮೀ ಪ್ಲೇಟ್, ಚಪ್ಪಟೆ 5 ಮಿಮೀ ಪ್ಲೇಟಿಗಿಂತ ಎಷ್ಟೋ ಚೆನ್ನಾಗಿ ನಿಲ್ಲುತ್ತೆ. ಕ್ಲಚ್ ಕವರಿನ ಕೆಳಮೂಲೆಯನ್ನೂ ಕಾಯುತ್ತೆ. ಮಡಿಕೆಯಿಲ್ಲದ ಚಪ್ಪಟೆ ಪ್ಲೇಟನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ನಾನು ಹಾಕೋದಿಲ್ಲ.

ಹೋಟೆಲ್ ಅಡುಗೆಮನೆಯಲ್ಲಿ ದಪ್ಪ ಬಿಳಿ ಕಟಿಂಗ್ ಬೋರ್ಡ್ ಇರುತ್ತಲ್ಲ, ಎಚ್‌ಡಿಪಿಇ ಅದೇ ಜಾತಿ. ಕಲ್ಲಿನ ಮೇಲೆ ಅಲ್ಯೂಮಿನಿಯಂಗಿಂತ ನಯವಾಗಿ ಜಾರುತ್ತೆ. ರಾಮನಗರ ಕಡೆಯ ಗ್ರಾನೈಟ್ ನೋಡಿದ್ದೀರಲ್ವಾ? ದಪ್ಪ ಹರಳಿನ ಕಲ್ಲು, ಅಂಗೈ ಉಜ್ಜಿದರೆ ಎಮರಿ ಪೇಪರ್ ಥರ. ಅದರ ಮೇಲೆ ಅಲ್ಯೂಮಿನಿಯಂ ಕಿರ್ರ್ ಅಂತ ಕಚ್ಚಿ ನಿಲ್ಲುತ್ತೆ. ನಿಂತರೆ ಕಾಲು ಊರಬೇಕು. ಎಚ್‌ಡಿಪಿಇ ಹಾಗೆ ನಿಲ್ಲಿಸೋದಿಲ್ಲ. ಆದರೆ ಅದು ಬಹಳ ಬಾಗುತ್ತೆ, 130 ಡಿಗ್ರಿ ಸುಮಾರಿಗೆ ಕರಗುತ್ತೆ. ಎಂಜಿನ್ನಿನಿಂದ ಹೊಗೆ ಹೊರಬರುವ ಬೆಂಡ್ ಪೈಪಿನ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಭಾರದ ಬೈಕಿಗೆ ಅದೊಂದನ್ನೇ ನಂಬೋಕಾಗಲ್ಲ. ನಾನು ಎರಡನ್ನೂ ಸೇರಿಸಿದ್ದೇನೆ. ಮೇಲೆ 4 ಮಿಮೀ 5052, ಅದರ ಕೆಳಗೆ ಬಂಡೆ ಉಜ್ಜುವ ಜಾಗಕ್ಕೆ ಮಾತ್ರ 6 ಮಿಮೀ ಎಚ್‌ಡಿಪಿಇ ಪಟ್ಟಿ. ಪಟ್ಟಿ ಸವೆದರೆ ಅದೊಂದನ್ನೇ ಬದಲಾಯಿಸಿದರೆ ಆಯಿತು.

ಬೋಲ್ಟ್ ತಲೆ ಪ್ಲೇಟಿನಲ್ಲಿ ಮುಳುಗಿರಬೇಕು. ಹೊರಗೆ ಚಾಚಿದ ತಲೆ ಎರಡೇ ದಿನದಲ್ಲಿ ಸವೆದು, ಆಮೇಲೆ ಯಾವ ಸ್ಪ್ಯಾನರಿಗೂ ಸಿಗೋದಿಲ್ಲ. ಅದಕ್ಕೇ ಸಿಎಸ್‌ಕೆ (ಕೌಂಟರ್‌ಸಂಕ್, ತಲೆ ಮುಳುಗುವಂಥ) ಅಲೆನ್ ಬೋಲ್ಟ್. ಇಲ್ಲೊಂದು ಅಳತೆ ಗಮನದಲ್ಲಿರಲಿ. ಎಂ6 (6 ಮಿಮೀ ಬೋಲ್ಟ್) ಸಿಎಸ್‌ಕೆ ತಲೆ 4 ಮಿಮೀ ಒಳಗೆ ಮುಳುಗುತ್ತೆ. ಎಂ8 ತಲೆಯ ಎತ್ತರ 4 ಮಿಮೀಗಿಂತ ಜಾಸ್ತಿ, 4 ಮಿಮೀ ತಗಡಿನಲ್ಲಿ ಪೂರ್ತಿ ಕೂರೋದಿಲ್ಲ. ಎಂ8 ಬೇಕೇ ಬೇಕು ಅಂದರೆ ಆ ಜಾಗದಲ್ಲಿ ಕೆಳಗಿನ ಎಚ್‌ಡಿಪಿಇ ಪಟ್ಟಿಗೆ ದೊಡ್ಡ ತೂತು ಹಾಕಿ ತಲೆಯನ್ನು ಅದರೊಳಗೆ ಅಡಗಿಸಿ. ಬೋಲ್ಟ್ ಬಿಗಿಯುವಾಗ ಅದು ಸಡಿಲ ಆಗದಂತೆ ಹಿಡಿಯೋ ಥ್ರೆಡ್‌ಲಾಕರ್ ಅಂಟು ಹಾಕಿ. ತಲೆಯ ಅಲೆನ್ ಗುಳಿಗೆ ಗ್ರೀಸ್ ತುಂಬಿ, ಮಣ್ಣು ಕೂತು ಕಲ್ಲಾಗೋದಿಲ್ಲ.

ಮಾಡಿಸೋದಾದರೆ ಮೊದಲು ರಟ್ಟಿನಲ್ಲಿ ಮಾಡಿ. ಮಾವಿನಹಣ್ಣಿನ ಡಬ್ಬದ ರಟ್ಟು ಸಾಕು. ಬೈಕಿನ ಕೆಳಗೆ ಮಲಗಿ ಹಿಡಿದು ನೋಡಿ, ಬ್ರೇಕ್ ಪೆಡಲ್, ಗೇರ್ ಲಿವರ್, ಸೈಡ್ ಸ್ಟ್ಯಾಂಡ್ ಪೂರ್ತಿ ಆಡುತ್ತಾ ಅಂತ. ಹಿಂದಿನ ಸಸ್ಪೆನ್ಶನ್ ಲಿಂಕೇಜ್ ಕೆಳಗೆ ಇಳಿದಿದ್ದರೆ ಪ್ಲೇಟಿನ ಬಾಲ ಅಲ್ಲಿವರೆಗೂ ಬರಲಿ. ಆ ರಟ್ಟನ್ನು ಪೀಣ್ಯದಲ್ಲಿ ಲೇಸರ್ ಕಟಿಂಗ್, ಬೆಂಡಿಂಗ್ ಎರಡೂ ಮಾಡುವ ಯಾವ ಶಾಪಿಗಾದರೂ ಕೊಡಿ. ಒಂದೇ ಪೀಸ್ ಅಂದರೆ ಕೆಲವರು ಒಪ್ಪೋದಿಲ್ಲ. ಇಬ್ಬರು ಮೂವರು ಸೇರಿ ಮಾಡಿಸಿದರೆ ಸಲೀಸು.

ಡ್ರೈನ್ ನಟ್ಟಿಗೆ ತೂತು ಬಿಟ್ಟರೆ ಸಾಕೆಟ್ ಸಲೀಸಾಗಿ ಹೋಗುವಷ್ಟು, ಅಂದರೆ 30 ಮಿಮೀ ಆದರೂ ಇರಲಿ. ನೀರು ಇಳಿಯೋಕೆ ಹಿಂಭಾಗದಲ್ಲಿ ಎರಡು ಮೂರು ತೂತು ಬೇಕು. ಮುಂಭಾಗದಲ್ಲಿ ಬೇಡ, ತೂತಿನ ಅಂಚೇ ಕಲ್ಲಿಗೆ ಸಿಕ್ಕಿಕೊಳ್ಳುತ್ತೆ. ನಿಮ್ಮದೂ ನನ್ನದರಂತೆ ಗಾಳಿಯಿಂದ ತಣ್ಣಗಾಗೋ ಎಂಜಿನ್ ಆದರೆ, ಪ್ಲೇಟಿನ ಮೂತಿ ಫಿನ್ನುಗಳ ಮುಂದೆ ಏರಿ ಗಾಳಿ ತಡೆಯದಿರಲಿ. ಸಂದಿಗೆ ಫೋಮ್ ತುಂಬೋದಾದರೆ ನೀರು ಹೀರದಂಥದ್ದು, ಯೋಗಾ ಮ್ಯಾಟಿನ ಥರದ್ದು ತುಂಬಿ. ಬೆಂಡ್ ಪೈಪಿನ ಹತ್ತಿರ ಮಾತ್ರ ಫೋಮೂ ಬೇಡ, ಪ್ಲಾಸ್ಟಿಕ್ಕೂ ಬೇಡ.

ನಾವು ನಾಲ್ಕು ಜನ ಹಾರೋಹಳ್ಳಿ ಹತ್ತಿರ ಸ್ನೇಹಿತರ ಜಮೀನಿನಲ್ಲಿರೋ ಬಂಡೆಗಳ ಮೇಲೆ ಅಭ್ಯಾಸ ಮಾಡುತ್ತೇವೆ. ಸಾವನದುರ್ಗ, ರಾಮದೇವರ ಬೆಟ್ಟದ ಕಡೆ ಬೈಕ್ ತಿರುಗಿಸೋದಿಲ್ಲ. ಅದು ಕಾಡು, ರಣಹದ್ದುಗಳ ಜಾಗ. ಫೆಬ್ರವರಿ, ಮಾರ್ಚಿನಲ್ಲಿ ಜಮೀನಿನ ಹುಲ್ಲು ಒಣಗಿ ಗರಿಗರಿ ಆಗಿರುತ್ತೆ. ಅದು ಪ್ಲೇಟಿಗೂ ಬೆಂಡ್ ಪೈಪಿಗೂ ನಡುವೆ ಸಿಕ್ಕಿ ಕೂರುತ್ತೆ. ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಂತು ಅಂತ ಬಗ್ಗಿ ನೋಡಿದರೆ ಹೊಟ್ಟೆಯಿಂದ ತೆಳ್ಳಗೆ ಹೊಗೆ. ಬಾಟಲಿ ನೀರು ಸುರಿದು ಆರಿಸಿದೆವು. ಅವತ್ತಿನಿಂದ ಪ್ರತಿ ಅರ್ಧ ಗಂಟೆಗೆ ಬೈಕ್ ನಿಲ್ಲಿಸಿ, ಒಂದು ಹಳೇ ಅಲೆನ್ ಕೀಯಿಂದ ಆ ಸಂದಿನ ಹುಲ್ಲನ್ನೆಲ್ಲ ಎಳೆದು ತೆಗೆಯುತ್ತೇವೆ. ಆಗಲೇ ಪ್ಲೇಟಿಗೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತೇನೆ. ಬಿಗಿಯಾಗಿದ್ದರೆ ಮೊಂಡು ಸದ್ದು. ಗಲಗಲ ಅಂದರೆ ಎಲ್ಲೋ ಒಂದು ಬೋಲ್ಟ್ ಸಡಿಲ ಆಗಿದೆ, ಹತ್ತೋಕೆ ಮುಂಚೆ ಬಿಗಿಯುತ್ತೇನೆ.