ಫ್ರೆಂಚರ ಮನೆಯ ಊಟಕ್ಕೆ ಹೊರಟ ಮಲೆನಾಡಿನ ಅತಿಥಿಗೆ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಓದಿಗೋ ಕೆಲಸಕ್ಕೋ ಫ್ರಾನ್ಸಿಗೆ ಹೋದವರಿಗೆ ಅಲ್ಲಿನ ಮನೆಯೊಂದರಿಂದ ಊಟದ ಕರೆ ಬಂದಾಗ ಮೊದಲು ಕಾಡುವುದು ಚಾಕು, ಫೋರ್ಕುಗಳ ಚಿಂತೆ. ನಿಜವಾಗಿ ಎಡವುವುದು ಉಪಚಾರದ ವಿಷಯದಲ್ಲಿ. ನಮ್ಮ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎಂದರೂ ಇನ್ನೊಂದು ಸೌಟು ಬಿದ್ದೇ ಬೀಳುತ್ತದೆ. ಮೊದಲ ಸಲ ಬೇಡವೆನ್ನುವುದೇ ನಮಗೆ ಮರ್ಯಾದೆ. ಫ್ರೆಂಚರು ಸಾಮಾನ್ಯವಾಗಿ ನಿಮ್ಮ ಮಾತನ್ನು ಇದ್ದಂತೆಯೇ ನಂಬುತ್ತಾರೆ. ಸಂಕೋಚಕ್ಕೆ ಬೇಡವೆಂದವರು ಅರೆಹೊಟ್ಟೆಯಲ್ಲಿ ಏಳಬೇಕಾದೀತು. ಬೇಕಿದ್ದರೆ ಕೇಳಿದ ಕೂಡಲೇ ಬೇಕೆನ್ನಿ. ಆದರೆ ಬಡಿಸಿಕೊಂಡದ್ದನ್ನು ತಟ್ಟೆಯಲ್ಲಿ ಬಿಡಬೇಡಿ.

ಸಸ್ಯಾಹಾರಿಗಳು ಆಹ್ವಾನ ಒಪ್ಪಿಕೊಳ್ಳುವಾಗಲೇ ಅದನ್ನು ಬಿಡಿಸಿ ಹೇಳಬೇಕು. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಮೀನು ಬಂದೀತು, ಸಾಲಡ್‌ನಲ್ಲಿ ಹಂದಿಮಾಂಸದ ಸಣ್ಣ ಚೂರುಗಳಿದ್ದಾವು, ಸೂಪು ಮಾಂಸ ಬೇಯಿಸಿದ ನೀರಿನದಾಗಿದ್ದೀತು. ಅಲ್ಲಿನ ಹಲವು ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥವನ್ನು ಬಳಸುತ್ತಾರೆಂಬುದೂ ಕಟ್ಟುನಿಟ್ಟಿನವರಿಗೆ ಗೊತ್ತಿರಲಿ.

ಹೇಳಿದ ಹೊತ್ತಿಗಿಂತ ಮುಂಚೆ ಹೋಗಬಾರದು. ಹತ್ತು ಹದಿನೈದು ನಿಮಿಷ ತಡವಾಗಿ ಹೋಗುವುದೇ ಸೌಜನ್ಯ. ಬರಿಗೈಯಲ್ಲಿ ಹೋಗಬೇಡಿ. ಹೂವು ಒಯ್ಯುವುದಾದರೆ ಸೇವಂತಿಗೆಯನ್ನು ಮಾತ್ರ ಬಿಡಿ: ನಮ್ಮಲ್ಲಿ ಹಬ್ಬದ ಬಾಗಿಲಿಗೂ ದೇವರ ಮುಡಿಗೂ ಸಲ್ಲುವ ಆ ಹೂವನ್ನು ಅಲ್ಲಿ ನವೆಂಬರ್ 1ರ ಸುಮಾರಿಗೆ ಸಮಾಧಿಗಳ ಮೇಲೆ ಇಡುತ್ತಾರೆ. ಸಾಗರದ ಗುಡಿಗಾರರು ಕೆತ್ತಿದ ಪುಟ್ಟ ವಸ್ತುವೊಂದು ಪೆಟ್ಟಿಗೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಬೇಡ.

ನಮ್ಮಲ್ಲಿ ಮನೆಯವರು ನಿಂತು ಬಡಿಸಿ ಕೊನೆಗೆ ಉಣ್ಣುತ್ತಾರೆ. ಅಲ್ಲಿ ಅವರೂ ಜೊತೆಗೇ ಕೂರುತ್ತಾರೆ, ಮನೆಯೊಡತಿ ಫೋರ್ಕ್ ಎತ್ತುವ ತನಕ ಯಾರೂ ತಿನ್ನತೊಡಗುವುದಿಲ್ಲ. ಎಲ್ಲಿ ಕೂರಬೇಕೆಂಬುದನ್ನೂ ಅವರೇ ತೋರಿಸುತ್ತಾರೆ. ಕೂತ ಮೇಲೆ ಕೈಗಳನ್ನು ತೊಡೆಯ ಮೇಲಿಡದೆ, ಮಣಿಕಟ್ಟು ಕಾಣುವಂತೆ ಮೇಜಿನ ಅಂಚಿಗೆ ಒರಗಿಸಿಡಬೇಕು, ಮೊಣಕೈ ಊರಬಾರದು. ಫೋರ್ಕ್ ಎಡಗೈಯಲ್ಲಿ, ಚಾಕು ಬಲಗೈಯಲ್ಲಿ. ಎಡಗೈಯಿಂದ ತುತ್ತು ಬಾಯಿಗಿಡುವುದು ಹುಟ್ಟಿದಾಗಿನಿಂದ ಬೇಡವೆಂದು ಕಲಿತವರಿಗೆ ಕಷ್ಟವೇ. ಹೊರಡುವ ಮುನ್ನ ಮನೆಯಲ್ಲಿ ಅಕ್ಕಿರೊಟ್ಟಿಯನ್ನು ನಾಲ್ಕಾರು ದಿನ ಹೀಗೆ ತಿಂದು ನೋಡಿ. ಮನೆಯವರು ನಕ್ಕರೆ ನಗಲಿ.

ಬ್ರೆಡ್ಡಿನಲ್ಲಿ ಮಾತ್ರ ನಮ್ಮ ಕೈಗೆ ಸಲಿಗೆಯುಂಟು. ಅದನ್ನು ಚಾಕುವಿನಿಂದ ಕತ್ತರಿಸದೆ, ಇಡಿಯಾಗಿ ಕಚ್ಚದೆ, ತುತ್ತಿನಷ್ಟೇ ಮುರಿದು ತಿನ್ನಬೇಕು. ಮುಸುರೆಯ ಲೆಕ್ಕದಲ್ಲಿ ಬೆಳೆದವರಿಗೆ ವಿಚಿತ್ರವೆನಿಸಿದರೂ, ಉಳಿದ ತುಂಡನ್ನು ಮೇಜುಬಟ್ಟೆಯ ಮೇಲೇ ಇಡುತ್ತಾರೆ. ಸಾಲಡ್‌ನ ಎಲೆಗಳನ್ನು ಕತ್ತರಿಸುವುದಿಲ್ಲ, ಫೋರ್ಕಿನಿಂದ ಮಡಚಿ ತಿನ್ನುತ್ತಾರೆ. ಚೀಸ್ ಬರುವುದು ಸಿಹಿಗಿಂತ ಮುಂಚೆ, ಒಂದೇ ಸುತ್ತು. ತ್ರಿಕೋನದ ತುಂಡಾದರೆ ಮೃದುವಾದ ತುದಿಯನ್ನಷ್ಟೇ ಕತ್ತರಿಸಿಕೊಳ್ಳುವುದು ಒರಟುತನ. ತುದಿಯಿಂದ ಸಿಪ್ಪೆಯವರೆಗೆ ಉದ್ದಕ್ಕೆ ಕೊಯ್ಯಬೇಕು, ಉಳಿದವರಿಗೂ ಎರಡೂ ಸಿಗಲೆಂದು.

ವೈನ್ ಕುಡಿಯದವರು ಹಾಗೆಂದು ಹೇಳಿದರೆ ಸಾಕು, ಕಾರಣ ವಿವರಿಸಬೇಕಿಲ್ಲ. ಕುಡಿಯುವವರಿಗೆ ಒಂದು ಮಾತು: ಬರಿದಾದ ಗ್ಲಾಸು ಮತ್ತೆ ತುಂಬುತ್ತದೆ, ಸಾಕೆನಿಸಿದರೆ ಅರ್ಧ ಉಳಿಸಿ. ಗ್ಲಾಸು ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕು.

ಫ್ರೆಂಚರ ಈ ಊಟದ ಪದ್ಧತಿಯನ್ನು ಯುನೆಸ್ಕೋ 2010ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅಡುಗೆಯ ರುಚಿಗಷ್ಟೇ ಅಲ್ಲ, ಜೊತೆಗೆ ಕೂತು ಉಣ್ಣುವ ಕ್ರಮಕ್ಕೂ ಹೌದು. ಎಂಟಕ್ಕೆ ಶುರುವಾದ ಊಟ ಹನ್ನೊಂದು ದಾಟಿದರೆ ಆಶ್ಚರ್ಯವಿಲ್ಲ. ಮಾತಿಲ್ಲದೆ ಗಬಗಬನೆ ಮುಗಿಸಿ ಕೈ ತೊಳೆಯಲು ಏಳುವ ನಮ್ಮ ಅಭ್ಯಾಸ ಅಲ್ಲಿ ಹೊಂದದು. ತಿಂದಾದ ಮೇಲೆ ಚಾಕು, ಫೋರ್ಕುಗಳನ್ನು ತಟ್ಟೆಯ ಮೇಲೆ ಜೋಡಿಸಿಟ್ಟು ಮಾತು ಮುಂದುವರಿಸಿ. ಸಿಹಿಯಾದ ಮೇಲೆ ಕಾಫಿ ಬರುತ್ತದೆ, ಹಾಲಿಲ್ಲದ್ದು, ಪುಟ್ಟ ಕಪ್ಪಿನಲ್ಲಿ. ಅದನ್ನು ಕುಡಿದ ಮೇಲೂ ಸ್ವಲ್ಪ ಹೊತ್ತು ಕೂತು ಹೊರಡಿ, ಮರುದಿನ ಎರಡು ಸಾಲಿನ ವಂದನೆ ಕಳಿಸಿ.