ಮ್ಯಾಪ್ ಇಲ್ಲದ ಒಂಬತ್ತು ದಿನ

ಫೋನ್ ನೀರಿಗೆ ಬಿತ್ತು. ರಿಪೇರಿಯಾಗಿ ಬರಲು ಒಂಬತ್ತು ದಿನ ಹಿಡಿಯಿತು. ಮಾತಾಡೋಕೆ ಹಳೇ ಬಟನ್ ಫೋನ್ ಸಾಕಾಯಿತು, ಆದರೆ ಮ್ಯಾಪ್ ಇರಲಿಲ್ಲ. ಎರಡು ವರ್ಷದಿಂದ ಸೈಕಲ್‌ನಲ್ಲಿ ಆಫೀಸಿಗೆ ಹೋಗುವ ದಾರಿ ಅದು, ಒಂದು ಕಡೆ ರಸ್ತೆ ಅಗೆದಿದ್ದರು ಅಂತ ಪಕ್ಕದ ಬೀದಿಗೆ ತಿರುಗಿದೆ, ಮುಂದೆ ಎಡಕ್ಕೋ ಬಲಕ್ಕೋ ಗೊತ್ತಾಗಲಿಲ್ಲ. ಫೋನು ಹೇಳಿದ ಕಡೆ ತಿರುಗಿ ತಿರುಗಿ, ದಾರಿಯನ್ನು ನಾನು ಸರಿಯಾಗಿ ನೋಡೇ ಇರಲಿಲ್ಲ.

ಅವತ್ತು ರಾತ್ರಿ ಒಂದು ಹಾಳೆ ಮೇಲೆ ಮನೆಯಿಂದ ಆಫೀಸಿನವರೆಗೆ ನೆನಪಿದ್ದಷ್ಟು ಗೆರೆ ಎಳೆದೆ. ನೆನಪಾಗದ ಕಡೆ ಖಾಲಿ ಬಿಟ್ಟೆ. ಮಾರನೇ ದಿನ ಹೋಗುವಾಗ ಆ ಜಾಗಗಳನ್ನೇ ಗಮನಿಸಿ, ಸಂಜೆ ಬಂದು ತುಂಬಿಸಿದೆ. ರಸ್ತೆ ಹೆಸರಿಗಿಂತ ಕಣ್ಣಿಗೆ ಬೀಳುವ ಗುರುತು ಒಳ್ಳೆಯದು, ನೀರಿನ ಟ್ಯಾಂಕ್, ಬಾಗಿದ ಮರ, ಹೀಗೆ. ಜಾಗ ಬಿಟ್ಟು ಹೋಗುವಂಥದ್ದು ಬೇಡ, ನಿಂತಿದ್ದ ಲಾರಿಯನ್ನು ನಂಬಿ ನಾನು ಒಂದು ತಿರುವು ತಪ್ಪಿಸಿಕೊಂಡೆ. ವಾಪಸ್ ಬರುವಾಗ ಅದೇ ರಸ್ತೆ ಬೇರೆ ಥರ ಕಾಣುತ್ತದೆ, ಅದಕ್ಕೆ ಪ್ರತಿ ತಿರುವಿನಲ್ಲೂ ನಿಂತು ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಿದ್ದೆ. ಬೆಳಗಿನ ಬಿಸಿಲು ಬಲಗೆನ್ನೆಗೆ ಬಿದ್ದರೆ ಉತ್ತರಕ್ಕೆ ಹೋಗ್ತಿದ್ದೀನಿ ಅಂತ ಲೆಕ್ಕ.

ಐದನೇ ದಿನ ಒಬ್ಬ ಅಜ್ಜನನ್ನು ದಾರಿ ಕೇಳಿದೆ. ‘ಸುಮ್ನೆ ಯಾಕಪ್ಪ ಸುತ್ತು ಹೊಡೀತೀಯ, ಪಾರ್ಕ್ ಹಿಂದೆ ದಾರಿ ಇದೆಯಲ್ಲ’ ಅಂದರು. ಹೋಗಿ ನೋಡಿದರೆ ನೆರಳು, ಒಂದೂ ಸಿಗ್ನಲ್ ಇಲ್ಲ, ಏಳು ನಿಮಿಷ ಉಳಿಯಿತು! ನನ್ನ ಫೋನಿನ ಮ್ಯಾಪ್‌ನಲ್ಲಿ ಕಾರಿನ ದಾರಿ ಅಂತಲೇ ಇತ್ತು, ಅದನ್ನು ಬದಲಿಸಬೇಕು ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ಇದು ನನ್ನೊಬ್ಬನ ಕಥೆ ಅಲ್ಲ. 2014ರ ಫೆಬ್ರವರಿಯಲ್ಲಿ ಲಂಡನ್ನಿನ ಸುರಂಗ ರೈಲು ನೌಕರರು ಮುಷ್ಕರ ಮಾಡಿದಾಗ ಎಷ್ಟೋ ನಿಲ್ದಾಣ ಮುಚ್ಚಿ, ಜನ ಬೇರೆ ದಾರಿ ಹುಡುಕಬೇಕಾಯಿತು. ಪ್ರಯಾಣದ ಕಾರ್ಡುಗಳ ಮಾಹಿತಿ ತೆಗೆದು ನೋಡಿದ ಅರ್ಥಶಾಸ್ತ್ರಜ್ಞರಿಗೆ ಕಂಡಿದ್ದು, ಹಾಗೆ ದಾರಿ ಬದಲಿಸಿದವರಲ್ಲಿ ಸುಮಾರು 20ರಲ್ಲಿ ಒಬ್ಬರು ಮುಷ್ಕರ ಮುಗಿದ ಮೇಲೂ ಹೊಸ ದಾರಿಯಲ್ಲೇ ಉಳಿದರು ಅಂತ. ಅಲ್ಲಿನ ರೈಲು ನಕ್ಷೆ 1933ರಿಂದಲೂ ನಿಜವಾದ ದೂರ ತೋರಿಸುವಂಥದ್ದಲ್ಲ, ಓದಲು ಸುಲಭವಾಗಲಿ ಅಂತ ನೇರ ಗೆರೆಗಳಲ್ಲಿ ಬಿಡಿಸಿದ್ದು. ಅದನ್ನೇ ನಂಬಿದವರಿಗೆ ಹತ್ತಿರದ ದಾರಿ ಹೇಗೆ ಕಾಣಬೇಕು, ಅಲ್ವಾ?

ಈಗ ಫೋನ್ ಸರಿಯಾಗಿದೆ. ಹೊರಡುವ ಮುಂಚೆ ಮ್ಯಾಪ್ ಒಂದು ಸಲ ನೋಡಿ ಜೇಬಿಗೆ ಹಾಕುತ್ತೇನೆ, ದಾರಿ ಹೇಳುವ ದನಿ ಪೂರ್ತಿ ಹೊಸ ಊರಿಗೆ ಮಾತ್ರ. ಆ ಹಾಳೆಯಲ್ಲಿ ಇನ್ನೂ ಎರಡು ಕಡೆ ಖಾಲಿ ಇದೆ, ಭಾನುವಾರ ಹೋಗಿ ನೋಡಿ ಬರಬೇಕು.