ಕ್ವಿಟೊದಲ್ಲಿ ಮಾರ್ಗದರ್ಶಿಯ ಜೊತೆ ಸುತ್ತಾಟ: ಯಾವ ದಿನ ಯಾವ ಎತ್ತರ

ಈಕ್ವೆಡಾರ್ ದೇಶದ ರಾಜಧಾನಿ ಕ್ವಿಟೊ, ಅಲ್ಲಿನವರ ಬಾಯಲ್ಲಿ ‘ಕೀತೊ’, ಆಂಡೀಸ್ ಪರ್ವತಗಳ ನಡುವೆ ಪಿಚಿಂಚಾ ಜ್ವಾಲಾಮುಖಿಯ ಮಗ್ಗುಲಿಗೆ ಅಂಟಿಕೊಂಡು, ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಆಸುಪಾಸು. ಅಂದರೆ ಕ್ವಿಟೊದ ಹೋಟೆಲಿನಲ್ಲಿ ನೆಲಮಹಡಿಯ ಕೋಣೆ ಹಿಡಿದವರೂ ಮುಳ್ಳಯ್ಯನಗಿರಿಯ ನೆತ್ತಿಗಿಂತ ಒಂಬೈನೂರು ಮೀಟರ್ ಮೇಲೆ ಮಲಗಿರುತ್ತಾರೆ. ಈ ಊರಿನಲ್ಲಿ ಪ್ರವಾಸ ಸಂಸ್ಥೆಗಳು ಮಾರುವ ಸುತ್ತಾಟಗಳ ಪಟ್ಟಿ ಉದ್ದವಾಗಿದೆ. ಹಳೆಯ ಪೇಟೆ, ಭೂಮಧ್ಯರೇಖೆ, ಒತವಾಲೊ ಸಂತೆ, ಕೊತೊಪಾಕ್ಸಿ ಜ್ವಾಲಾಮುಖಿ, ಬಿಸಿನೀರಿನ ಬುಗ್ಗೆಗಳು, ಮೋಡಗಾಡು ಎಲ್ಲವೂ ಅದರಲ್ಲಿವೆ. ಯಾವುದನ್ನು ಆರಿಸಬೇಕೆಂದು ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಮುಖ್ಯವಾದದ್ದು ಯಾವುದನ್ನು ಎಷ್ಟನೆಯ ದಿನಕ್ಕೆ ಇಟ್ಟುಕೊಳ್ಳುವುದೆಂಬ ಲೆಕ್ಕಾಚಾರ.

ಈ ಲೆಕ್ಕವನ್ನು ನಾನು ತಪ್ಪು ಮಾಡಿಯೇ ಕಲಿತೆ. ಊರು ತಲುಪಿದ ಮರುದಿನವೇ ಕೊತೊಪಾಕ್ಸಿಗೆ ಹೊರಟ ವ್ಯಾನಿನಲ್ಲಿ ಸೀಟು ಹಿಡಿದೆ. ಹಣ ಪಡೆದ ಸಂಸ್ಥೆಯವರು ಬಂದದ್ದು ಯಾವಾಗ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ವ್ಯಾನ್ ನಿಲ್ಲುವ ಜಾಗವೇ ಸುಮಾರು 4,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 4,864 ಮೀಟರಿನಲ್ಲಿರುವ ಹೋಸೆ ರಿಬಾಸ್ ತಂಗುದಾಣ ಕಣ್ಣೆದುರಿಗೇ ಇದ್ದರೂ, ಕರಿ ಬೂದಿಮಣ್ಣಿನ ದಾರಿಯಲ್ಲಿ ಹತ್ತು ಹೆಜ್ಜೆ ಇಟ್ಟು ಒಮ್ಮೆ ನಿಲ್ಲುವಂತಾಯಿತು. ಅರ್ಧ ದಾರಿಯಲ್ಲಿ ತಲೆ ಸಿಡಿಯತೊಡಗಿ ಹಿಂದಿರುಗಿ ವ್ಯಾನಿನಲ್ಲಿ ಕುಳಿತೆ. ಅದೇ ದಾರಿಯನ್ನು ಐದು ದಿನ ಬಿಟ್ಟು ಹತ್ತಿದ್ದರೆ ಅದು ಕಷ್ಟದ ನಡಿಗೆಯಷ್ಟೇ ಆಗಿರುತ್ತಿತ್ತು.

ಊರು ಬಿಡುವ ಮುನ್ನ ಮಾಡಬೇಕಾದ ಕೆಲಸಗಳಲ್ಲಿ ಭಾರತೀಯರು ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಹಳದಿ ಜ್ವರ ಹರಡುವ ಸೊಳ್ಳೆ ಕ್ವಿಟೊದ ಎತ್ತರದಲ್ಲಿ ಬದುಕುವುದಿಲ್ಲವಾದ್ದರಿಂದ ಅಲ್ಲಿಗೆ ಹೋಗುವವರು ಲಸಿಕೆ ಬೇಡವೆಂದುಕೊಳ್ಳುತ್ತಾರೆ. ಆದರೆ ಈಕ್ವೆಡಾರ್ ಭಾರತ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನಗಳೊಳಗೆ ಪ್ರಮಾಣಪತ್ರವಿಲ್ಲದೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇಳಿದರೆ ಪ್ರತ್ಯೇಕವಾಸಕ್ಕೆ ಕಳುಹಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುವುದರಿಂದ ಇದನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬಾರದು. ವೀಸಾ ನಿಯಮಗಳು ಹಲವು ಸಲ ಬದಲಾಗಿವೆ, ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ರಾಯಭಾರ ಕಚೇರಿಯನ್ನೇ ಕೇಳುವುದು ಒಳ್ಳೆಯದು. ಹಣದ ವಿಷಯ ಸರಳ: 2000ದಲ್ಲಿ ಈ ದೇಶ ತನ್ನ ಸೂಕ್ರೆ ನಾಣ್ಯವನ್ನು ಕೈಬಿಟ್ಟು ಅಮೆರಿಕದ ಡಾಲರನ್ನೇ ಒಪ್ಪಿಕೊಂಡಿತು. ಆದರೆ ಐವತ್ತು, ನೂರು ಡಾಲರಿನ ನೋಟುಗಳನ್ನು ಚಿಕ್ಕ ಅಂಗಡಿಗಳಲ್ಲಿ ಯಾರೂ ಮುಟ್ಟುವುದಿಲ್ಲ. ಒಂದು, ಐದು, ಹತ್ತರ ನೋಟುಗಳನ್ನು ಕಟ್ಟಿಕೊಂಡು ಹೋಗಿ. ಚಿಲ್ಲರೆಯಾಗಿ ಕೈಗೆ ಬರುವ ಹೊಂಬಣ್ಣದ ಒಂದು ಡಾಲರ್ ನಾಣ್ಯಗಳನ್ನು ಸಂತೆಗೆಂದು ಎತ್ತಿಡಿ.

ವಿಮಾನ ನಿಲ್ದಾಣವಿರುವುದು ನಗರದಿಂದ ಪೂರ್ವಕ್ಕೆ ತಬಬೇಲಾ ಎಂಬಲ್ಲಿ, ಸುಮಾರು 2,400 ಮೀಟರ್ ಎತ್ತರದಲ್ಲಿ. ರಾತ್ರಿ ಇಳಿಯುವವರು ಮೊದಲ ರಾತ್ರಿಯನ್ನು ಆ ಕಣಿವೆಯಲ್ಲಿಯೇ ಕಳೆದು ಬೆಳಿಗ್ಗೆ ನಗರಕ್ಕೆ ಏರಿದರೆ ದೇಹಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ. ಮೊದಲ ದಿನ ಹೊಟ್ಟೆಗೆ ಕಡಿಮೆ ತಿಂದು, ಹೆಚ್ಚು ನೀರು ಕುಡಿದು, ಮದ್ಯವನ್ನು ದೂರವಿಡಬೇಕು. ಹೃದಯ ಅಥವಾ ಶ್ವಾಸಕೋಶದ ತೊಂದರೆಯುಳ್ಳವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು. ಇಲ್ಲಿ ನೀರು ಸುಮಾರು 90 ಡಿಗ್ರಿಯಲ್ಲೇ ಕುದಿಯುವುದರಿಂದ ಕೊಠಡಿಯ ಕೆಟಲಿನಲ್ಲಿ ಮಾಡಿದ ಟೀ ಸಪ್ಪೆಯಾದರೆ ಪುಡಿಯನ್ನು ಬೈಯಬೇಡಿ.

ಎರಡನೆಯ ದಿನವನ್ನು ಪೂರ್ತಿಯಾಗಿ ಹಳೆಯ ಪೇಟೆಗೆ ಮೀಸಲಿಡಿ. 1534ರಲ್ಲಿ ಸ್ಪೇನಿನವರು ಕಟ್ಟಲಾರಂಭಿಸಿದ ಈ ಭಾಗ 1978ರಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೊದಲ ಹನ್ನೆರಡು ತಾಣಗಳಲ್ಲಿ ಒಂದು. 2023ರ ಡಿಸೆಂಬರಿನಲ್ಲಿ ಓಡಾಟ ಆರಂಭಿಸಿದ ಮೆಟ್ರೊ ನೇರವಾಗಿ ಸಾನ್ ಫ್ರಾನ್ಸಿಸ್ಕೊ ಚೌಕದಲ್ಲಿ ಇಳಿಸುತ್ತದೆ, ಆದ್ದರಿಂದ ಇಲ್ಲಿಗೆ ವಾಹನಸಹಿತ ಸುತ್ತಾಟ ಕೊಳ್ಳುವುದು ದಂಡ. ಬೇಕಿರುವುದು ಮೂರು ನಾಲ್ಕು ಗಂಟೆ ಜೊತೆಗೆ ನಡೆಯುವ ಒಬ್ಬ ಮಾರ್ಗದರ್ಶಿ ಮಾತ್ರ. ಪರವಾನಗಿಯುಳ್ಳ ಮಾರ್ಗದರ್ಶಿಗಳ ಬಳಿ ಗುರುತಿನ ಚೀಟಿ ಇರುತ್ತದೆ. ಕೇಳಿದರೆ ತೋರಿಸುತ್ತಾರೆ, ಕೇಳುವುದರಲ್ಲಿ ಸಂಕೋಚ ಬೇಡ. ಹಣ ಕೊಡುವ ಮುನ್ನ ‘ಚರ್ಚಿನ ಒಳಗೆ ನೀವೂ ಬರುತ್ತೀರಾ, ಟಿಕೆಟ್ ಇದರಲ್ಲಿ ಸೇರಿದೆಯೇ?’ ಎಂದು ಕೇಳಿ. ಬಾಗಿಲಲ್ಲಿ ನಿಂತು ಎರಡು ಮಾತು ಹೇಳಿ ನಿಮ್ಮನ್ನು ಒಳಗೆ ಕಳುಹಿಸುವವರಿಗೆ ಹಣ ಕೊಡುವ ಅಗತ್ಯವಿಲ್ಲ, ಏಕೆಂದರೆ ಈ ಪೇಟೆಯಲ್ಲಿ ನೋಡಬೇಕಾದದ್ದರಲ್ಲಿ ಮುಕ್ಕಾಲು ಪಾಲು ಬಾಗಿಲಿನ ಒಳಗಿದೆ.

ನಡಿಗೆ ಸಾಮಾನ್ಯವಾಗಿ ಪ್ಲಾಸಾ ಗ್ರಾಂದೆಯಿಂದ ಶುರುವಾಗುತ್ತದೆ. ಚೌಕದ ನಡುವಿನ ಸ್ಮಾರಕ 1809ರ ಆಗಸ್ಟ್ 10ರ ಸ್ವಾತಂತ್ರ್ಯದ ಮೊದಲ ಕೂಗಿಗೆ ಸಂಬಂಧಿಸಿದ್ದು. ಒಂದು ಬದಿಗೆ ಅಧ್ಯಕ್ಷರ ಕರೊಂದೆಲೆತ್ ಅರಮನೆ. 1875ರಲ್ಲಿ ಅಧ್ಯಕ್ಷ ಗಾರ್ಸಿಯಾ ಮೊರೇನೊ ಇದೇ ಅರಮನೆಯ ಬಳಿ ಮಚ್ಚಿನೇಟಿಗೆ ಬಲಿಯಾದರು. ಬೆಂಚುಗಳ ಮೇಲೆ ಪತ್ರಿಕೆ ಓದುತ್ತ ಕುಳಿತ ಮುದುಕರನ್ನೂ ಬೂಟು ಪಾಲಿಶ್ ಮಾಡುವವರನ್ನೂ ಸ್ವಲ್ಪ ಹೊತ್ತು ನೋಡಿಕೊಂಡು ಕುಳಿತರೆ ಏದುಸಿರೂ ತಗ್ಗುತ್ತದೆ.

ಅಲ್ಲಿಂದ ಎರಡು ಹೆಜ್ಜೆ ದೂರದಲ್ಲಿ ಜೆಸ್ಯುಯಿಟರ ಚರ್ಚ್ ಲಾ ಕೊಂಪಾನ್ಯಿಯಾ ಇದೆ. 1605ರಿಂದ 1765ರವರೆಗೆ, ನೂರ ಅರವತ್ತು ವರ್ಷ ಕಟ್ಟಿದ ಕಟ್ಟಡವಿದು. ಒಳಗೆ ಕಾಲಿಟ್ಟೊಡನೆ ಗೋಡೆ, ಕಂಬ, ಚಾವಣಿಗಳ ಮೇಲಿನ ಚಿನ್ನದ ರೇಕು ಕಣ್ಣು ಕುಕ್ಕುತ್ತದೆ, ಎಲ್ಲರೂ ಕತ್ತೆತ್ತಿ ಬೆರಗಾಗಿ ನಿಲ್ಲುತ್ತಾರೆ, ಮಾರ್ಗದರ್ಶಿ ಮುಂದಕ್ಕೆ ಹೊರಡುತ್ತಾನೆ. ಇಲ್ಲಿ ಅವಸರ ಮಾಡಬೇಡಿ. ಪ್ರವೇಶದ್ವಾರದ ಬಳಿ ಹಿಂದಿರುಗಿ ನಿಂತು ಎರಡೂ ಮೂಲೆಗಳನ್ನು ಹೋಲಿಸಿ ನೋಡಿ. ಒಂದು ಬದಿಗೆ ಮೇಲೆ ಹತ್ತುವ ಸುರುಳಿ ಮೆಟ್ಟಿಲು ಇದೆ. ಇನ್ನೊಂದು ಬದಿಗೂ ಅಂಥದೇ ಮೆಟ್ಟಿಲು ಕಾಣುತ್ತದೆ, ಆದರೆ ಅದು ಗೋಡೆಯ ಮೇಲೆ ಬರೆದ ಚಿತ್ರ. ಎಡಬಲ ಸಮನಾಗಿರಲೇಬೇಕೆಂಬ ಹಟಕ್ಕೆ ಬಿದ್ದ ಶಿಲ್ಪಿಗಳು ಮಾಡಿಕೊಂಡ ಉಪಾಯವಿದು. ಕಂಬಗಳ ಮೇಲಿನ ಕಟ್ಟುವಿನ್ಯಾಸವಂತೂ ಚರ್ಚಿಗಿಂತ ಮಸೀದಿಯನ್ನು ನೆನಪಿಸುತ್ತದೆ, ಏಕೆಂದರೆ ಅದು ಸ್ಪೇನಿನಲ್ಲಿ ಮುಸ್ಲಿಂ ಕುಶಲಕರ್ಮಿಗಳಿಂದ ಬಂದ ಮುದೇಹಾರ್ ಶೈಲಿಯದು.

ಸಾನ್ ಫ್ರಾನ್ಸಿಸ್ಕೊ ಚೌಕದಲ್ಲಿ ಕಾಂತುನ್ಯಾನ ಕಥೆಯನ್ನು ಮಾರ್ಗದರ್ಶಿ ಹೇಳಿಯೇ ಹೇಳುತ್ತಾನೆ. ಚರ್ಚಿನ ಮುಂದಿನ ಜಗಲಿಯನ್ನು ಕಟ್ಟಿಕೊಡುವುದಾಗಿ ಒಪ್ಪಿಕೊಂಡ ಆ ಮೂಲನಿವಾಸಿ, ಗಡುವು ಮುಗಿಯುವಾಗ ಸೈತಾನನಿಗೆ ತನ್ನ ಆತ್ಮವನ್ನೇ ಅಡವಿಟ್ಟು ಕೆಲಸ ಮಾಡಿಸಿದನಂತೆ. ಕೊನೆಯ ಘಳಿಗೆಯಲ್ಲಿ ಒಂದೇ ಒಂದು ಕಲ್ಲನ್ನು ಬಚ್ಚಿಟ್ಟು, ಕೆಲಸ ಪೂರ್ಣವಾಗಿಲ್ಲವೆಂದು ವಾದಿಸಿ ಆತ್ಮ ಉಳಿಸಿಕೊಂಡನಂತೆ. ಆ ಕಲ್ಲಿನ ಜಾಗ ಯಾವುದೆಂದು ಕೇಳಿ ನೋಡಿ, ಉತ್ತರ ಮಾರ್ಗದರ್ಶಿಯಿಂದ ಮಾರ್ಗದರ್ಶಿಗೆ ಬದಲಾಗುತ್ತದೆ.

ಮಂಡಿನೋವಿಲ್ಲದವರು ಬಸಿಲಿಕಾ ದೆಲ್ ಬೋತೊ ನಸಿಯೊನಾಲ್ ಚರ್ಚಿನ ಗೋಪುರವನ್ನು ಮೂರನೆಯ ದಿನ ಹತ್ತಬಹುದು. ಚಾವಣಿಯ ಮೇಲಿನ ಮರದ ಹಲಗೆಯ ಹಾದಿ ದಾಟಿ ಕಡಿದಾದ ಕಬ್ಬಿಣದ ಏಣಿಗಳನ್ನು ಏರಬೇಕು. ಹೊರಗೋಡೆಯಿಂದ ಚಾಚಿಕೊಂಡಿರುವ ನೀರುದೋಣಿಗಳಲ್ಲಿ ಯುರೋಪಿನ ವಿಕಾರ ಪಿಶಾಚಿಗಳ ಬದಲಿಗೆ ಇಗುವಾನಾ, ಆಮೆ, ಆರ್ಮಡಿಲೊಗಳಿವೆ. ಎದುರಿನ ಪನೆಸಿಯೊ ಗುಡ್ಡದ ಮೇಲೆ ಸುಮಾರು 7,000 ಅಲ್ಯೂಮಿನಿಯಂ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ರೆಕ್ಕೆಯ ಮೇರಿಯಮ್ಮನ ಪ್ರತಿಮೆ ಇದೆ. ಆ ಗುಡ್ಡಕ್ಕೆ ಮೆಟ್ಟಿಲುಗಳ ಮೂಲಕ ನಡೆದು ಹೋಗಬೇಡಿ. ಸುಲಿಗೆಗೆ ಹೆಸರಾದ ದಾರಿಯದು. ಟ್ಯಾಕ್ಸಿಯಲ್ಲಿ ಹೋಗಿ, ಅದನ್ನೇ ಕಾಯಿಸಿ, ಅದರಲ್ಲೇ ಇಳಿಯಿರಿ.

ಭೂಮಧ್ಯರೇಖೆಯ ಸುತ್ತಾಟವನ್ನು ಮೂರನೆಯ ದಿನದ ಮಧ್ಯಾಹ್ನಕ್ಕೋ ನಾಲ್ಕನೆಯ ದಿನಕ್ಕೋ ಇಡಬಹುದು. ನಗರದ ಉತ್ತರಕ್ಕೆ ಸುಮಾರು 26 ಕಿಲೋಮೀಟರ್ ದೂರದ ಮಿತಾದ್ ದೆಲ್ ಮುಂದೊ ಕ್ವಿಟೊಗಿಂತ ತಗ್ಗಿನಲ್ಲಿದೆ. ಅಲ್ಲಿನ 30 ಮೀಟರ್ ಎತ್ತರದ ಸ್ಮಾರಕವನ್ನು 1979ರಿಂದ 1982ರ ನಡುವೆ ಕಟ್ಟಲಾಯಿತು. ನೆಲದ ಮೇಲೆ ಎಳೆದ ಹಳದಿ ಗೆರೆಯ ಅತ್ತ ಒಂದು ಕಾಲು, ಇತ್ತ ಒಂದು ಕಾಲು ಇಟ್ಟು ಎಲ್ಲರೂ ಚಿತ್ರ ತೆಗೆಸಿಕೊಳ್ಳುತ್ತಾರೆ. ಉಪಗ್ರಹದ ಅಳತೆಯ ಪ್ರಕಾರ ನಿಜವಾದ ರೇಖೆ ಅಲ್ಲಿಂದ ಉತ್ತರಕ್ಕೆ ಸುಮಾರು 240 ಮೀಟರ್ ದೂರದಲ್ಲಿದೆ. ಇದರಿಂದ ಮೋಸಹೋದೆವೆಂದು ಬೇಸರಪಡಬೇಕಾಗಿಲ್ಲ. 1736ರಲ್ಲಿ ಲಾ ಕೊಂದಮಿನ್, ಬುಗೇರ್, ಗೊದಾಂ ಮುಂತಾದ ಫ್ರೆಂಚ್ ವಿಜ್ಞಾನಿಗಳು ಇಲ್ಲಿಗೆ ಬಂದದ್ದು ರೇಖೆಯನ್ನು ಹುಡುಕಲಿಕ್ಕಲ್ಲ, ಭೂಮಿ ಧ್ರುವಗಳಲ್ಲಿ ಚಪ್ಪಟೆಯೋ ನಡುವಿನಲ್ಲಿ ಚಪ್ಪಟೆಯೋ ಎಂಬ ಜಗಳವನ್ನು ಅಳತೆ ಮಾಡಿ ತೀರಿಸಲಿಕ್ಕೆ. ದೂರವನ್ನು ಲೆಕ್ಕಹಾಕಲು ಒಂದಕ್ಕೊಂದು ಹೆಣೆದ ತ್ರಿಕೋನಗಳ ಸರಪಳಿಯ ಮೊದಲ ರೇಖೆಯನ್ನು, ಅಂದರೆ ತಳರೇಖೆಯನ್ನು, ಅವರು ಅಳೆದದ್ದು ಯಾರುಕೀ ಬಯಲಿನಲ್ಲಿ, ಅಂದರೆ ಈಗಿನ ವಿಮಾನ ನಿಲ್ದಾಣದ ನೆರೆಯಲ್ಲಿ. 1800ರಲ್ಲಿ ಬ್ರಿಟಿಷ್ ಭೂಮಾಪಕ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಅಳೆದ ತಳರೇಖೆಯೂ ಇದೇ ವಿದ್ಯೆಯ ಮುಂದುವರಿಕೆ.

ಸ್ಮಾರಕದ ಬಳಿ ಪ್ರವಾಸಿಗರನ್ನು ಗೆರೆಯ ಸುತ್ತ ನಿಲ್ಲಿಸಿ ತೋರಿಸುವ ನೀರಿನ ಪ್ರಯೋಗವೊಂದಿದೆ. ತಳದಲ್ಲಿ ತೂತಿರುವ ಬೋಗುಣಿಯನ್ನು ಗೆರೆಯ ಮೇಲಿಟ್ಟು, ನೀರು ತುಂಬಿ, ಎರಡು ಎಲೆ ತೇಲಿಬಿಟ್ಟು ಬಿರಡೆ ಎಳೆದರೆ ನೀರು ನೆಟ್ಟಗೆ ಇಳಿಯುತ್ತದೆ. ಎರಡು ಮೀಟರ್ ದಕ್ಷಿಣಕ್ಕೆ ಸರಿದರೆ ಎಲೆಗಳು ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ, ಉತ್ತರಕ್ಕೆ ಸರಿದರೆ ವಿರುದ್ಧವಾಗಿ. ಎಲ್ಲರ ಕಣ್ಣೂ ಎಲೆಗಳ ಮೇಲಿರುವಾಗ ನೀವು ಬಿಂದಿಗೆ ಹಿಡಿದ ಕೈಯನ್ನು ನೋಡಿ. ಗೆರೆಯ ಮೇಲಿದ್ದಾಗ ನೀರು ನಡುವಿಗೆ ಬೀಳುತ್ತದೆ, ಆಚೆಗೆ ಸರಿದಾಗ ಅಂಚಿಗೆ ಓರೆಯಾಗಿ ಬೀಳುತ್ತದೆ; ಸುಳಿ ಅಲ್ಲಿಯೇ ಹುಟ್ಟಿತು. ಭೂಮಿಯ ತಿರುಗುವಿಕೆಯ ಪ್ರಭಾವ ರೇಖೆಯಿಂದ ಎರಡು ಮೀಟರ್ ದೂರದ ಬೋಗುಣಿಯಲ್ಲಿ ಕಾಣಿಸುವಷ್ಟು ದೊಡ್ಡದಲ್ಲ. ಇಷ್ಟಾದರೂ ಚಪ್ಪಾಳೆ ತಟ್ಟಿ ಬನ್ನಿ, ಕೈಚಳಕ ಚೆನ್ನಾಗಿಯೇ ಇರುತ್ತದೆ. ರೇಖೆಯನ್ನು ಗಂಭೀರವಾಗಿ ತಿಳಿಯಬಯಸುವವರಿಗೆ ಒತವಾಲೊ ದಾರಿಯಲ್ಲಿ ಕಯಾಂಬೆಯ ಹತ್ತಿರ ಕೀತ್ಸಾತೊ ಎಂಬ ದೊಡ್ಡ ನೆರಳುಗಡಿಯಾರವಿದೆ. ಅದು ನಿಜವಾದ ರೇಖೆಯ ಮೇಲೆಯೇ ಇದೆ. ಸಮಯ ಕಡಿಮೆಯಿದ್ದರೆ ಸ್ಮಾರಕವನ್ನು ಬಿಟ್ಟು ಅಲ್ಲಿ ಅರ್ಧ ಗಂಟೆ ಇಳಿಯುವ ಸುತ್ತಾಟವನ್ನೇ ಆರಿಸಿ ಎನ್ನುವೆ.

ಒತವಾಲೊದ ಸಂತೆ ಶನಿವಾರ ಭರ್ತಿಯಾಗಿ ನಡೆಯುತ್ತದೆ, ಆದ್ದರಿಂದ ಉಳಿದ ದಿನಗಳನ್ನು ಶನಿವಾರದ ಸುತ್ತ ಹೊಂದಿಸಿಕೊಳ್ಳಬೇಕು. ಕ್ವಿಟೊದಿಂದ ಎರಡು ಗಂಟೆಯ ದಾರಿ. ಕಿಚ್ವಾ ಮೂಲನಿವಾಸಿ ನೇಕಾರರ ಪೊಂಚೊ, ಶಾಲು, ಕಂಬಳಿಗಳು ಪ್ಲಾಸಾ ದೆ ಪೊಂಚೋಸ್ ಚೌಕದಿಂದ ಹರಡಿ ಸುತ್ತಲ ಬೀದಿಗಳನ್ನೂ ತುಂಬಿರುತ್ತವೆ. ‘ಅಲ್ಪಾಕಾ ಉಣ್ಣೆ’ ಎಂದು ಮಾರುವುದರಲ್ಲಿ ಅಕ್ರಿಲಿಕ್ ನೂಲೂ ಸಾಕಷ್ಟಿದೆ. ಬೆಲೆ ತೀರಾ ಕಡಿಮೆಯಿದ್ದರೆ ಅದು ಯಾವುದೆಂದು ಊಹಿಸಬಹುದು. ಚೌಕಾಸಿ ನಡೆಯುತ್ತದೆ, ಆದರೆ ನಗುನಗುತ್ತ ಎರಡು ಸುತ್ತು ಮಾತ್ರ. ಸಂಸ್ಥೆಗಳು ಕುಯಿಕೋಚಾ ಕುಳಿಸರೋವರ, ಪೆಗೂಚೆ ಜಲಪಾತ, ಚರ್ಮದ ಅಂಗಡಿಗಳು ಎಲ್ಲವನ್ನೂ ಒಂದೇ ದಿನಕ್ಕೆ ತುರುಕುತ್ತವೆ. ಸಂತೆಯಲ್ಲಿ ಎಷ್ಟು ಹೊತ್ತು ಬಿಡುತ್ತಾರೆಂದು ಮೊದಲೇ ಕೇಳಿ, ಎರಡು ಗಂಟೆಗಿಂತ ಕಡಿಮೆಯಾದರೆ ಬೇರೆಯವರನ್ನು ನೋಡಿ.

ಪಿಚಿಂಚಾದ ಮಗ್ಗುಲಿನ ತೆಲೆಫೆರಿಕೊ ಎಂಬ ಹಗ್ಗದಾರಿ ಸುಮಾರು 3,945 ಮೀಟರಿಗೆ ಏರಿಸುತ್ತದೆ. ಮಾರ್ಗದರ್ಶಿ ಬೇಕಿಲ್ಲ, ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನಕ್ಕೆ ಮೋಡ ಮುಸುಕುತ್ತದೆ. ಅಲ್ಲಿ ಒಂದೆರಡು ಗಂಟೆ ನಿಧಾನವಾಗಿ ಅಡ್ಡಾಡಿ ತಲೆನೋವಿಲ್ಲದೆ ಇಳಿದವರು ಮಾತ್ರ ಮರುದಿನ ಕೊತೊಪಾಕ್ಸಿಗೆ ಹೆಸರು ಬರೆಸಬಹುದು. ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಇಲ್ಲ. 5,897 ಮೀಟರಿನ ಆ ಜ್ವಾಲಾಮುಖಿ ಇಂದಿಗೂ ಜೀವಂತವಾಗಿದ್ದು 2015ರಲ್ಲಿ ಸಿಡಿದಿತ್ತು, ಆದ್ದರಿಂದ ತಂಗುದಾಣದ ದಾರಿ ತೆರೆದಿದೆಯೇ ಎಂದು ಹಿಂದಿನ ದಿನ ವಿಚಾರಿಸಿ. ಪರೀಕ್ಷೆಯಲ್ಲಿ ಸೋತವರು ಪಪಯಾಕ್ತಾದ ಬಿಸಿನೀರಿಗೋ, ಇನ್ನೂ ಕೆಳಗೆ ಮಿಂದೊ ಮೋಡಗಾಡಿನ ಝೇಂಕಾರದ ಹಕ್ಕಿಗಳನ್ನು ನೋಡಲಿಕ್ಕೋ ಹೋಗಬಹುದು. ಮಿಂದೊ ಸುಮಾರು 1,250 ಮೀಟರಿನಲ್ಲಿದ್ದು, ಉಸಿರಿಗೆ ಹಬ್ಬ.

ಸಸ್ಯಾಹಾರಿಗಳು ‘ಸಿನ್ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ’, ಅಂದರೆ ಮಾಂಸ, ಕೋಳಿ, ಮೀನು ಮೂರೂ ಬೇಡವೆಂದು ಬಿಡಿಸಿ ಹೇಳಬೇಕು. ‘ಕಾರ್ನೆ’ ಬೇಡವೆಂದಷ್ಟೇ ಹೇಳಿದರೆ ಕೋಳಿ ಬರುವುದುಂಟು. ಗಿಣ್ಣು, ಬೆಣ್ಣೆಹಣ್ಣು ಹಾಕಿದ ಆಲೂಗಡ್ಡೆಯ ಲೊಕ್ರೊ ಸಾರು ರುಚಿಯಾಗಿರುತ್ತದೆ, ಆದರೆ ಬೇಯಿಸಿದ ನೀರು ಮಾಂಸದ್ದೋ ಎಂದು ಕೇಳಿ. ಹುರಿದ ಮೆಕ್ಕೆಜೋಳ ‘ತೊಸ್ತಾದೊ’ವನ್ನು ಕೆಲವೆಡೆ ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಾರೆ, ಬೇಯಿಸಿದ ಮೆಕ್ಕೆಜೋಳ ‘ಚೊಕ್ಲೊ’ಗೆ ಆ ಭಯವಿಲ್ಲ.

ಕೊನೆಗೆ ಹಣ ಹಿಂದಿರುಗುವ ಮಾತು. ನಮ್ಮ ಬಂದ್ ಇದ್ದಂತೆ ಅಲ್ಲಿ ‘ಪಾರೊ’ ನಡೆಯುತ್ತದೆ. 2019ರ ಅಕ್ಟೋಬರ್ ಮತ್ತು 2022ರ ಜೂನ್‌ನಲ್ಲಿ ಹೆದ್ದಾರಿಗಳು ದಿನಗಟ್ಟಲೆ ಮುಚ್ಚಿದ್ದವು. 2024ರಿಂದೀಚೆಗೆ ತುರ್ತುಪರಿಸ್ಥಿತಿಯೂ ಹಲವು ಬಾರಿ ಘೋಷಣೆಯಾಗಿದೆ. ರಸ್ತೆ ಮುಚ್ಚಿದರೆ ಹಣ ಹಿಂದಿರುಗುತ್ತದೆಯೇ, ಬೇರೆ ದಿನ ಕೊಡುತ್ತಾರೆಯೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ರಸೀದಿಯ ಮೇಲೆ ಬರೆಸಿಕೊಳ್ಳಿ, ಮತ್ತು ವ್ಯಾನ್ ಹೊರಡುವ ಹಿಂದಿನ ಸಂಜೆ ಒಮ್ಮೆ ಫೋನ್ ಮಾಡಿ.